ಮರಣದ ಪುಸ್ತಕದಲ್ಲಿ ಇಲ್ಲದ ಪಾವ್ಲು

ಅಪ್ಪಾ,

ದೊಡ್ಡವರಿಗೆ ಬರೆಯುವಾಗ ‘ತೀರ್ಥರೂಪು’ ಎಂದು ಶುರು ಮಾಡಬೇಕು ಅಂತ ಶಾಲೆಯಲ್ಲಿ ನಾನೇ ಮಕ್ಕಳಿಗೆ ಕಲಿಸುತ್ತೇನೆ. ನಿನಗೆ ಹಾಗೆ ಬರೆಯಲು ಕೈ ಬರುತ್ತಿಲ್ಲ. ಕ್ಷೇಮ ಕೇಳುವುದೂ ಇಲ್ಲ. ನೀನು ತೀರಿಹೋಗಿ ನಾಲ್ಕು ವರ್ಷವಾಯಿತು. ಇಷ್ಟು ದಿನ ನಿನ್ನ ಹೆಸರು ಎತ್ತಿದರೆ ಅಳು ಬರುತ್ತಿತ್ತು, ಈಗ ಸಿಟ್ಟು ಬರುತ್ತದೆ. ನಿನಗೆ ಓದು ಬಾರದು, ಗೊತ್ತು. ಆದರೂ ಇದನ್ನು ನೀನು ಓದಲೇಬೇಕು.

ಕಳೆದ ನವೆಂಬರಿನಲ್ಲಿ, ಸತ್ತವರ ದಿನ, ಸಾಗರದ ಚರ್ಚಿನ ಹಿಂದೆ ಅಮ್ಮ ಎಂದಿನಂತೆ ನನ್ನ ತಮ್ಮ ಪಾವ್ಲುವಿನ ಗೋರಿಯ ಗುಡ್ಡೆಯ ಮೇಲಿನ ಹುಲ್ಲು ಕಿತ್ತಳು. ಗೋಡೆಯ ಪಕ್ಕದ ಆ ಸಣ್ಣ ಗುಡ್ಡೆ, ನೀನೇ ಕೆತ್ತಿ ನೆಟ್ಟ ಮರದ ಶಿಲುಬೆ. ಮೇಣದ ಬತ್ತಿ ಹಚ್ಚಿ ಎದ್ದವಳು ಸೊಂಟ ಹಿಡಿದುಕೊಂಡು ಕೇಳಿದಳು: “ಕ್ಲಾರಾ, ಅವ್ನು ಹೋದ ತಾರೀಖು ಯಾವ್ದೇ? ನಾನಾಗ ತೀರ್ಥಹಳ್ಳೀಲಿ ಹಸಿ ಬಾಣಂತಿ, ಒಂದೂ ನೆನಪಿಲ್ಲ. ಆ ದಿನಕ್ಕೇ ಒಂದು ಪೂಜೆ ಹೇಳಿಸ್ಬೇಕು. ಚರ್ಚಿನ ಪುಸ್ತಕದಲ್ಲಿ ಇರ್ತದಲ್ಲ, ನೋಡ್ಕೊಂಡು ಬಾ.” ಅಷ್ಟೇ ಅಪ್ಪಾ. ಆರು ವರ್ಷದ ಮಗನನ್ನು ಕಳೆದುಕೊಂಡವಳು ಕೇಳಿದ್ದು ಒಂದು ತಾರೀಖು.

ಫಾದರ್ ಬೀರುವಿನಿಂದ ಮರಣದ ಪುಸ್ತಕ ತೆಗೆದುಕೊಟ್ಟರು. ರಟ್ಟಿನ ಹೊದಿಕೆಯ ಉದ್ದನೆಯ ಪುಸ್ತಕ. ಗೆರೆ ಹಾಕಿದ ಹಾಳೆಗಳಲ್ಲಿ ಬೇರೆ ಬೇರೆ ಪಾದ್ರಿಗಳ ಇಂಗ್ಲಿಷ್ ಬರಹ. ಆ ವರ್ಷದ ಪುಟಗಳನ್ನು ನಾನು ಎರಡು ಸಲ ಓದಿದೆ. ಫಾದರ್ ಕನ್ನಡಕ ಹಾಕಿಕೊಂಡು ಮೂರನೆಯ ಸಲ ಓದಿದರು. “ಇಲ್ಲ ಮಗಳೇ,” ಅಂದರು. “ಆದ್ರೆ ಮರ ಕೊಯ್ಯೋರು ಒಂದು ಕಡೆ ನಿಲ್ಲೋರಲ್ಲ. ಒಬ್ಬೊಬ್ಬ ಪಾದ್ರಿ ಒಂದೊಂದು ಥರ ಹೆಸರು ಬರ್ದಿರ್ತಾರೆ. ಮೊದ್ಲು ಅವ್ನ ಜ್ಞಾನಸ್ನಾನ ಎಲ್ಲಾಯ್ತು, ಏನಂತ ಬರೆಸಿದ್ದಾರೆ ಅಂತ ಪತ್ತೆ ಮಾಡು. ಆಮೇಲೆ ಆ ಹೆಸರಲ್ಲಿ ಹುಡ್ಕೋಣ.”

ನೀನು ನಮ್ಮನ್ನು ಎಷ್ಟು ಊರು ತಿರುಗಿಸಿದೆ ಎಂಬುದು ಆಗ ಗೊತ್ತಾಯಿತು. ಗರಗಸ ಹೆಗಲಿಗೇರಿಸಿ ನೀನು ಮುಂದೆ, ಪಾತ್ರೆಗಂಟು ಹೊತ್ತು ಅಮ್ಮ ಹಿಂದೆ. ಯಾರ ಮನೆ ಕಟ್ಟಲು ಹಲಗೆ ಬೇಕೋ ಆ ಊರಲ್ಲಿ ಆರು ತಿಂಗಳು. ಮನೆಯೊಳಗೆ ಆಡುತ್ತಿದ್ದ ಕೊಂಕಣಿಯೂ ಆ ಅಲೆದಾಟದಲ್ಲೇ ಎಲ್ಲೋ ಉದುರಿಹೋಯಿತು. ಕ್ರಿಸ್‌ಮಸ್ ರಜೆಯಲ್ಲಿ ತೀರ್ಥಹಳ್ಳಿಗೆ ಹೋದೆ. ಅಲ್ಲಿಯ ಪುಸ್ತಕದಲ್ಲಿ ನಾನು ಸಿಕ್ಕಿದೆ: ತಂದೆ ‘ಜೊವಾಕಿಂ’, ಕಸುಬು ಮರ ಕೊಯ್ಯುವುದು, ವಾಸ ಕೋಣಂದೂರು. ಹೊಸನಗರದ ಕಡೆಯ ಮಕ್ಕಳಿಗೆಂದು ಬೇರೆಯೇ ಬರೆದಿದ್ದ ಪುಟಗಳಲ್ಲಿ ಪಾವ್ಲು ಸಿಕ್ಕಿದ. ಅಲ್ಲಿ ನೀನು ಬರೀ ‘ಜಾಕಿ’. ವಾಸ ಎಂಬಲ್ಲಿ ಊರ ಹೆಸರಿಲ್ಲ, ‘ತಿರುಗಾಡುವವನು’ ಎಂದಿದೆ. ಯಾವ ಊರು ಎಂದು ಪಾದ್ರಿ ಕೇಳಿರಬೇಕು. ನೀನು ಏನು ಹೇಳಿದೆ? ನಕ್ಕು ಸುಮ್ಮನಾದೆಯಾ? ಆ ಪುಟದ ಮೇಲೆ ಬೆರಳಿಟ್ಟುಕೊಂಡು ಆ ದಿನ ನಾನು ನಿನಗಾಗಿ ಅತ್ತೆ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಸಾಗರಕ್ಕೆ ಮರಳಿ ಎಲ್ಲ ಹೆಸರಿನಲ್ಲೂ ಹುಡುಕಿದೆವು. ಜೊವಾಕಿಂ, ಜೋಕಿಂ, ಜಾಕಿ. ಪಾವ್ಲು ಇರಲಿಲ್ಲ. ಗೋಡೆಯ ಪಕ್ಕದ ಆ ಗುಡ್ಡೆ ಯಾರದು ಹಾಗಾದರೆ ಎಂದು ಕೇಳಿದೆ. ಫಾದರ್ ಪುಟ ತಿರುಗಿಸಿ ಹೇಳಿದರು: “ಆ ವರ್ಷ ಆ ಮೂಲೇಲಿ ಇಟ್ಟಿದ್ದು ಒಬ್ಬ ಮುದುಕೀನ. ಅವ್ಳಿಗೆ ಹಿಂದೆಮುಂದೆ ಯಾರೂ ಇರ್ಲಿಲ್ಲ.” ಯಾರೂ ಇಲ್ಲದವಳ ಗುಡ್ಡೆ ನೋಡಿ ನೋಡಿ ಆರಿಸಿದೆಯಾ ಅಪ್ಪಾ? ಯಾರೂ ಬಂದು ಕೇಳುವುದಿಲ್ಲ ಎಂದು?

ನೀನು ಸುದ್ದಿ ತಂದ ದಿನ ನನಗೆ ಹದಿನಾಲ್ಕು. ಅಮ್ಮ ರೀತಾಳನ್ನು ಹೆತ್ತು ಹತ್ತು ದಿನವಾಗಿತ್ತು. ತೀರ್ಥಹಳ್ಳಿಯಲ್ಲಿ ಮಾವನ ಮನೆಯ ಕೋಣೆಯ ಬಾಗಿಲಲ್ಲಿ ನೀನು ನಿಂತಿದ್ದೆ, ರೆಪ್ಪೆಯ ಮೇಲೆಲ್ಲ ಮರದ ಹುಡಿ. ಮೂರು ವಾರದ ಹಿಂದೆ ಪಾವ್ಲು ಕುಣಿಯುತ್ತ ನಿನ್ನ ಜೊತೆ ಕೆಲಸದ ಜಾಗಕ್ಕೆ ಹೋಗಿದ್ದ. ಜ್ವರ ಬಂತು, ಸಾಗರಕ್ಕೆ ಒಯ್ದೆ, ಉಳಿಯಲಿಲ್ಲ, ಅಲ್ಲೇ ಮಣ್ಣು ಮಾಡಿದೆ ಎಂದೆ. ಅಮ್ಮ ಕೂಗಲಿಲ್ಲ. ಮಗುವನ್ನು ಎದೆಗೆ ಹಿಡಿದುಕೊಂಡೇ ಕೇಳಿದಳು.

“ಪಾದ್ರಿ ಬಂದಿದ್ರಾ?”

“ಬಂದಿದ್ರು.”

“ಗಂಟೆ ಹೊಡೆದ್ರಾ?”

“ಹೊಡೆದ್ರು.”

“ನೀನು ಮಣ್ಣು ಹಾಕಿದ್ಯಾ?”

“ಹಾಕ್ದೆ.”

ಬಾಗಿಲ ಸಂದಿಯಲ್ಲಿ ನಿಂತು ನಾನೂ ಕೇಳಿಸಿಕೊಂಡೆ. ಮೂರರಲ್ಲಿ ಕೊನೆಯದೊಂದೇ ನಿಜ.

ಮಂಜಣ್ಣನ ನೆನಪಾದದ್ದು ಆಮೇಲೆ. ದಿಮ್ಮಿಯ ಮೇಲೆ ನಿಂತು ಗರಗಸ ಎಳೆಯುವವನು ಅವನು, ಕೆಳಗೆ ನಿಂತು ಎಳೆಯುವವನು ನೀನು. ಹದಿನೈದು ವರ್ಷ ಒಂದೇ ಗರಗಸದ ಎರಡು ತುದಿ. ಅವನೀಗ ತಾಳಗುಪ್ಪದಲ್ಲಿ ನಾಟಾ ಅಂಗಡಿಯೊಂದರ ಕಾವಲಿಗಿದ್ದಾನೆ. ಒಂದು ಶನಿವಾರ ಶಾಲೆ ಬಿಟ್ಟವಳೇ ರೈಲು ಹತ್ತಿದೆ. ನನ್ನನ್ನು ಕಂಡು ಅವನ ಮುಖ ಅರಳಿತು. “ಜೋಕಣ್ಣನ ಮಗ್ಳಾ? ಬಾರೇ ತಂಗೀ, ಕೂತ್ಕ.” ಪಾವ್ಲುವನ್ನು ಎಲ್ಲಿ ಹೂತಿರಿ ಎಂದು ಕೇಳಿದೆ. ಮುಖ ಬಾಡಿತು. ತಲೆಯ ಟವೆಲು ತೆಗೆದು ಮಡಿಲಲ್ಲಿಟ್ಟುಕೊಂಡ.

“ನಿಮ್ಮಪ್ಪ ಹೇಳ್ಲಿಲ್ವಾ?”

“ಇಲ್ಲ.”

“ನಿಮ್ಮಮ್ಮಂಗೂ?”

“ಸಾಗರದ ಚರ್ಚಲ್ಲಿ ಅಂತ ಹೇಳಿದ್ದಾನೆ.”

ಅವನು ಹೇಳಿದ್ದು ಇಷ್ಟು. ನೀವಿಬ್ಬರೂ ಆಗ ಹೊಸನಗರದ ಆಚೆ ಹೊಳೆ ಬದಿಯ ಕಾಡಿನಲ್ಲಿದ್ದಿರಿ. ಅಣೆಕಟ್ಟಿನ ನೀರು ಬರುವ ಮೊದಲು ಅಲ್ಲಿಯ ಮರಗಳನ್ನೆಲ್ಲ ಕಡಿದು ಕೊಯ್ಯುವ ಕೆಲಸ. “ಚೌತಿ ಕಳ್ದು ಮೂರ್ನೇ ದಿನ ತಂಗೀ. ಮಳೆ ಅಂದ್ರೆ ಮಳೆ. ಲಾರಿ ಬರೋದು ನಿಂತು ವಾರ ಆಗಿತ್ತು. ಬೆಳಿಗ್ಗೆ ನೋಡಿದ್ರೆ ಮಗು ತಣ್ಣಗಾಗಿತ್ತು. ನಿಮ್ಮಪ್ಪ ಕಂಬಳೀಲಿ ಸುತ್ತಿ ಹೆಗಲಿಗೆ ಹಾಕ್ಕೊಂಡ. ಸಾಗರಕ್ಕೆ ನಡೀತೀನಿ ಅಂದ. ನಾನೂ ಹೋದೆ. ಕಡವಿನವ್ನು ದೋಣಿ ಇಳಿಸಲ್ಲ ಅಂದ್ಬಿಟ್ಟ, ಹೊಳೆ ಹಂಗೆ ಹೊಡೀತಿತ್ತು. ಮಧ್ಯಾಹ್ನದ ತನಕ ದಡದಲ್ಲೇ ಕೂತ್ವಿ. ಆಮೇಲೆ ವಾಪಸು ಬಂದು ಹೊನ್ನೆ ಮರದ ಕೊರಡಿನ ಬುಡದಲ್ಲಿ... ಇನ್ನೇನು ಮಾಡೋದು ಹೇಳು?”

ಇನ್ನೇನು ಮಾಡಲಾಗುತ್ತಿತ್ತು ಎಂದು ನಾನೂ ಕೇಳುವುದಿಲ್ಲ. ಹೆಗಲ ಮೇಲೆ ಮಗನನ್ನಿಟ್ಟುಕೊಂಡು ಹೊಳೆಯ ದಡದಲ್ಲಿ ಕೂತಿದ್ದೆಯಲ್ಲ, ಅದಕ್ಕೆ ನಿನ್ನನ್ನು ಯಾರೂ ಬೈಯಲಾರರು. ಆದರೆ ಆಮೇಲೆ? ಆ ಜಾಗ ಮುಳುಗುತ್ತದೆ ಎಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಮುಳುಗುತ್ತದೆ ಎಂದೇ ಅಲ್ಲವೇ ನಿನ್ನನ್ನು ಅಲ್ಲಿಗೆ ಕರೆಸಿದ್ದು? ನೀರು ಬರಲು ಇನ್ನೂ ಎರಡು ಮಳೆಗಾಲವಿತ್ತು. ಒಂದು ಮಾತು ಹೇಳಿದ್ದರೆ ನಾವೆಲ್ಲ ಹೋಗುತ್ತಿದ್ದೆವು. ಪಾದ್ರಿಯನ್ನು ಕರೆದೊಯ್ಯುತ್ತಿದ್ದೆವು. ಎಲುಬಾದರೂ ತರುತ್ತಿದ್ದೆವು. ಬದಲಿಗೆ ನೀನು ಯಾವಳೋ ಮುದುಕಿಯ ಗುಡ್ಡೆಗೆ ಶಿಲುಬೆ ನೆಟ್ಟು, ಅಮ್ಮನ ಕೈ ಹಿಡಿದು ಕರೆತಂದು, ಇಲ್ಲೇ ಎಂದೆ. ಅವಳು ಬೋರಲು ಬಿದ್ದು ಆ ಮಣ್ಣಿಗೆ ಮುತ್ತಿಡುವಾಗ ಪಕ್ಕದಲ್ಲಿ ನಿಂತು ನೋಡಿದೆ. ಹೇಗೆ ನಿಂತೆ ಅಪ್ಪಾ?

“ಹೇಳ್ತೀನಿ ಹೇಳ್ತೀನಿ ಅಂತಿದ್ದ,” ಎಂದ ಮಂಜಣ್ಣ. “ಎರಡು ಸಲ ಮಗೂನ ತಕ್ಕೊಂಡು ಬರ್ತೀನಿ ಅಂತ ಹಾರೆ ಹಿಡ್ಕೊಂಡು ಹೊರಟ. ಎರಡು ಸಲಾನೂ ಅರ್ಧ ದಾರಿಯಿಂದ ತಿರುಗಿ ಬಂದ. ಆಮೇಲೆ ಕೆಮ್ಮು ಹಿಡೀತಲ್ಲ...” ಅವನು ನಿನ್ನ ಪರವಾಗಿ ಹೇಳಿದ ಮಾತು ಇದು. ನನಗೆ ಇನ್ನಷ್ಟು ಉರಿಯಿತು. ಕೆಮ್ಮಿ ಮಲಗಿದ ಆ ಎರಡು ತಿಂಗಳು ನಿನ್ನ ತಲೆಯ ಬಳಿ ಕೂತವಳು ನಾನು. ಗಂಜಿ ಕುಡಿಸಿದೆ, ಬೆನ್ನು ತಿಕ್ಕಿದೆ. ಒಂದು ದಿನ “ಕ್ಲಾರಾ, ಒಂದು ವಿಷ್ಯ...” ಎಂದು ಶುರು ಮಾಡಿ ಗೋಡೆಗೆ ಮುಖ ತಿರುಗಿಸಿದೆ. ನಾನು ನಿದ್ದೆ ಬಂತೇನೋ ಎಂದು ಹೊದಿಕೆ ಎಳೆದೆ. ಅಮ್ಮನಿಗೆ ಹೇಳುವ ಕೆಲಸ ನನಗೆ ಬಿಟ್ಟು ಹೋದೆ ನೀನು. ಇದನ್ನು ನಾನು ಕ್ಷಮಿಸಲಾರೆ.

ಮೂರು ವಾರ ನಾನೂ ನಿನ್ನ ಹಾಗೆಯೇ ಮಾಡಿದೆ. ಪುಸ್ತಕ ಸಿಕ್ಕಿಲ್ಲ, ಫಾದರ್ ಊರಲ್ಲಿಲ್ಲ ಎಂದು ಸುಳ್ಳು ಹೇಳಿದೆ. ಸುಳ್ಳು ಎಷ್ಟು ಸಲೀಸಾಗಿ ಬರುತ್ತದೆ ಎಂದು ನನಗೇ ಹೆದರಿಕೆಯಾಯಿತು. ಒಂದು ಭಾನುವಾರ ಪೂಜೆ ಮುಗಿಸಿ ಬಂದು ಅಮ್ಮ ಅಕ್ಕಿ ತೊಳೆಯುತ್ತಿದ್ದಳು. ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ಅವಳ ಕೈ ನೀರಿನಲ್ಲೇ ನಿಂತಿತು.

“ಗಂಟೆ ಹೊಡೀಲೇ ಇಲ್ವಾ ಹಾಗಾದ್ರೆ?” ಅಂದಳು.

“ಇಲ್ಲಮ್ಮ.”

ಅಕ್ಕಿ ಒಲೆಗೇರಿಸಿದಳು. ನಮಗೆ ಬಡಿಸಿದಳು. ತಾನು ಉಣ್ಣಲಿಲ್ಲ. ನಾಲ್ಕು ದಿನ ಯಾರ ಜೊತೆಯೂ ಮಾತಾಡಲಿಲ್ಲ. ರೀತಾ ಬಂದು, ಅಮ್ಮನಿಗೆ ತನ್ನ ಮೇಲೆ ಕೋಪವಾ ಎಂದು ನನ್ನನ್ನು ಕೇಳಿದಳು. ಐದನೆಯ ದಿನ ನಿನ್ನ ಗರಗಸವನ್ನು ಅಟ್ಟದಿಂದ ಇಳಿಸಿ, ಹಿತ್ತಲಿಗೆ ಎಳೆದುಕೊಂಡು ಹೋಗಿ ಎಸೆದಳು. ಬೈಗುಳವೆಂಬುದು ಗೊತ್ತೇ ಇಲ್ಲದ ಅಮ್ಮ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನಿಂತು ನಿನ್ನನ್ನು ಬಾಯಿಗೆ ಬಂದಂತೆ ಬೈದಳು. ಅಕ್ಕಪಕ್ಕದವರು ಹೊರಗೆ ಬಂದು ನೋಡಿದರು. ನಾನು ತಡೆಯಲಿಲ್ಲ.

ಮುಂದಿನ ಮಾತು ನಿನಗೆ ಗೊತ್ತಿರಲು ಸಾಧ್ಯವೇ ಇಲ್ಲ. ನೀರು ತುಂಬಿದ ವರ್ಷವೇ ನೀನು ಹೋದೆ. ಎಲ್ಲ ಮುಳುಗಿತು, ಮುಗಿಯಿತು ಎಂದುಕೊಂಡೇ ಕಣ್ಣು ಮುಚ್ಚಿರಬೇಕು. ಮೊನ್ನೆ ಏಪ್ರಿಲ್ ಕೊನೆಗೆ ಮಂಜಣ್ಣ ತಾನಾಗಿ ನಮ್ಮ ಮನೆಗೆ ಬಂದ. ಜಗಲಿಯಲ್ಲಿ ಕೂರದೆ ನಿಂತೇ ಹೇಳಿದ: “ಅಕ್ಕಾ, ಬೇಸಿಗೇಲಿ ಅಲ್ಲಿ ನೀರು ಹಿಂದೆ ಹೋಗ್ತದೆ. ನಮ್ಮ ಕಡೆಯೋರು ದನ ಮೇಯಿಸೋಕೆ ಹೋಗಿದ್ರಂತೆ. ಹಳೇ ರಸ್ತೆ ಕಾಣ್ತದಂತೆ, ಕಡಿದ ಕೊರಡೆಲ್ಲ ಎದ್ದು ನಿಂತಾವಂತೆ. ಬರ್ತೀರಾ?” ಅಮ್ಮ ಒಳಗೆ ಹೋಗಿ ಸೀರೆ ಬದಲಿಸಿ ಬಂದಳು.

ಹೊಸನಗರದ ತನಕ ಬಸ್ಸು, ಆಮೇಲೆ ನಡಿಗೆ. ಒಣಗಿ ಬಿರುಕುಬಿಟ್ಟ ಕೆಸರಿನ ಬಯಲು. ಅದರ ತುಂಬ ಬೂದಿ ಬಣ್ಣದ ಕೊರಡುಗಳು. ಎಷ್ಟು ಮರ ಕಡಿಸಿದ್ದರು ಅಪ್ಪಾ! ಮಂಜಣ್ಣ ಒಂದೊಂದನ್ನೂ ಮುಟ್ಟುತ್ತ ನಡೆದ. “ಇದಲ್ಲ, ಇದೂ ಅಲ್ಲ.” ಬಿಸಿಲು ನೆತ್ತಿಗೆ ಬಂತು. ರೀತಾಳನ್ನು ನಾನು ಸೊಂಟಕ್ಕೆ ಎತ್ತಿಕೊಂಡೆ. ಕೊನೆಗೆ ಒಂದು ದಪ್ಪ ಕೊರಡಿನ ಮುಂದೆ ಅವನು ಕುಕ್ಕರಗಾಲಲ್ಲಿ ಕೂತು, ಬುಡಕ್ಕೆ ಅಂಟಿದ್ದ ಕೆಸರನ್ನು ಉಗುರಿನಿಂದ ಕೆರೆದ. ಒಳಗೆ ಉಳಿಯಿಂದ ಹೊಡೆದ ಎರಡು ಗೆರೆ, ಒಂದು ಉದ್ದ, ಒಂದು ಅಡ್ಡ. ನಿನ್ನ ಕೈ. ನಾಲ್ಕು ವರ್ಷದ ನೀರು ಅದನ್ನು ಅಳಿಸಿರಲಿಲ್ಲ.

ಅಮ್ಮ ಅಲ್ಲಿ ಎಷ್ಟು ಹೊತ್ತು ಕೂತಿದ್ದಳೋ. ಜಪಮಣಿ ತೆಗೆಯಲಿಲ್ಲ. ಮಣ್ಣಿನ ಮೇಲೆ ಅಂಗೈ ಊರಿ, ಮನೆಯ ಸುದ್ದಿಯನ್ನೆಲ್ಲ ಪಾವ್ಲುವಿಗೆ ಹೇಳಿದಳು. ತಂಗಿ ಒಂದನೇ ಕ್ಲಾಸಿಗೆ ಹೋಗುತ್ತಾಳೆ, ಅಕ್ಕ ಟೀಚರಾಗಿದ್ದಾಳೆ ಎಂದೆಲ್ಲ. ಫಾದರ್ ಆ ವಾರವೇ ಮರಣದ ಪುಸ್ತಕದಲ್ಲಿ ಅವನ ಹೆಸರು ಬರೆದರು. ಹಳೆಯ ಪಂಚಾಂಗ ನೋಡಿ ಚೌತಿ ಕಳೆದು ಮೂರನೆಯ ದಿನದ ತಾರೀಖನ್ನು ನಾನೇ ಹೇಳಿದೆ.

ಬಯಲಿನಿಂದ ಹಿಂದಿರುಗುವಾಗ ಬಸ್ಸಿನಲ್ಲಿ ಅಮ್ಮ ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು: “ನಿಮ್ಮಪ್ಪಂಗೆ ಬರಿ.”

“ಯಾರಿಗೆ?”

“ಅವ್ನಿಗೇ. ಮಗ ಸಿಕ್ಕಿದ ಅಂತ ಬರಿ. ಬೈದು ಬರೀಬೇಡ.”

ಮಗ ಸಿಕ್ಕಿದ, ಅಪ್ಪಾ. ಅವಳ ಎರಡನೆಯ ಮಾತನ್ನು ಮಾತ್ರ ನಾನು ಕೇಳಲಿಲ್ಲ.

ನಿನ್ನ ಮಗಳು,
ಕ್ಲಾರಾ