ಬಾಟಲಿಯ ತಳದ ಬಿಳಿ ಪುಡಿ

ಒಕುಸಾವಾ
ನವೆಂಬರ್ 17

ಪ್ರೀತಿಯ ತಂಗಿ ಫುಸಾಯೆಗೆ,

ನಿನ್ನ ಮೊಣಕಾಲು ನೋವು ಹೇಗಿದೆ? ಮಗ ಕಿಯೋತಾಕ ಹೊಸ ಕೆಲಸಕ್ಕೆ ಹೊಂದಿಕೊಂಡನೆ? ಸೊಸೆ ಚಿಜುರು ಚೆನ್ನಾಗಿದ್ದಾಳೆ ತಾನೆ? ಪುಟ್ಟ ಅಯುಮು ಈಗ ಒಂದನೇ ತರಗತಿಯಲ್ಲವೆ, ಬೆನ್ನಿಗಿಂತ ದೊಡ್ಡ ಚೀಲ ಹೊತ್ತು ಹೋಗುತ್ತಾನೇನೋ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು, ಉತ್ತರ ತಡವಾದದ್ದಕ್ಕೆ ಕ್ಷಮಿಸು. ಎಷ್ಟೋ ಸಲ ಬರೆಯಲು ಕೂತು ಹಾಗೇ ಎದ್ದೆ.

ಇಲ್ಲಿ ಚಳಿ ಶುರುವಾಗಿದೆ. ನಿನ್ನ ಅತ್ತಿಗೆ ಸುಮಿಯೊ ಸೂರಿನಡಿ ಮೂಲಂಗಿ ಒಣಗಲು ತೂಗುಹಾಕಿದ್ದಾಳೆ. ಒಳಹೋಗುವಾಗೆಲ್ಲ ನನ್ನ ತಲೆಗೆ ಬಡಿಯುತ್ತವೆ. "ತಲೆ ಮುರೀಲಿ, ಮೂಲಂಗಿ ಮುರೀಲಿ, ಎರಡನ್ನೂ ಉಪ್ಪಿಗೇ ಹಾಕ್ತೀನಿ" ಅನ್ನುತ್ತಾಳೆ.

ಈಗ ವಿಷಯಕ್ಕೆ ಬರುತ್ತೇನೆ. ಪುರಸಭೆಯ ನೀರು ಪರೀಕ್ಷೆಯ ಕೆಲಸ ನನ್ನ ಪಾಲಿಗೆ ಬಂದು ಹನ್ನೊಂದು ವರ್ಷವಾಯಿತು. ಪ್ರತಿ ಸೋಮವಾರ ಬೆಳಿಗ್ಗೆ, ಕ್ಲೋರಿನ್ ಎಷ್ಟಿದೆಯೆಂದು ಮೊದಲೇ ಗೊತ್ತಿರುವ ದ್ರಾವಣ ಇಟ್ಟು, ಅದನ್ನು ಅಳೆಯುವ ಯಂತ್ರವನ್ನು ಸರಿಹೊಂದಿಸುತ್ತೇನೆ. ಕೂದಲೆಳೆಯಷ್ಟು ತಪ್ಪಿದರೂ ಬಿಡುವವನಲ್ಲ. ಆಮೇಲೆ ಕೊಳವೆಯ ಕೊನೆಯಾದ ನೀವೆಲ್ಲ ಸಮುದ್ರದ ಕಡೆಗೆ ಹೋಗುವ ಮೊದಲಿದ್ದ ಕೇರಿಯವರೆಗೂ ಹೋಗಿ, ನಲ್ಲಿಯಿಂದ ಬಾಟಲಿ ತುಂಬಿಸಿ ಪಟ್ಟಣದ ಪ್ರಯೋಗಾಲಯಕ್ಕೆ ಕಳಿಸುತ್ತೇನೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ರೋಗಾಣು ಸಿಕ್ಕಿರಲಿಲ್ಲ. ಆ ವರದಿಗಳನ್ನು ಎಷ್ಟು ಜಂಬದಿಂದ ಕೇರಿಯ ಸಭಾಭವನದ ಗೋಡೆಗೆ ಅಂಟಿಸುತ್ತಿದ್ದೆ, ನೀನೇ ನೋಡಿದ್ದೀಯಲ್ಲ.

ಆಗಸ್ಟಿನಲ್ಲಿ ಮಿಯೋಷಿ ಎಂಬ ಹುಡುಗಿ ಕೆಲಸಕ್ಕೆ ಸೇರಿ ನನ್ನ ಜೊತೆ ಬಂದಳು. ರೋಗಾಣು ಪರೀಕ್ಷೆಯ ಬಾಟಲಿಯ ತಳದಲ್ಲಿ ಚಿಟಿಕೆಯಷ್ಟು ಬಿಳಿ ಪುಡಿ ಇರುತ್ತದೆ. ತೊಳೆದವರು ಸೋಪಿನಪುಡಿ ಉಳಿಸಿದ್ದಾರೆಂದು ನಾನು ಮೊದಲ ದಿನದಿಂದಲೂ ಮೂರು ಸಲ ನಲ್ಲಿ ನೀರಲ್ಲಿ ಗಲಬರಿಸಿ ಚೆಲ್ಲಿಯೇ ತುಂಬಿಸುತ್ತಿದ್ದೆ. ಬೇರೆ ಬಾಟಲಿಗಳಿಗೆ ಹಾಗೆ ಮಾಡಬೇಕೆಂದು ಹಳಬರು ಹೇಳಿಕೊಟ್ಟಿದ್ದರು. ಇದಕ್ಕೂ ಅದೇ ಅಂದುಕೊಂಡೆ, ಯಾರನ್ನೂ ಕೇಳಲಿಲ್ಲ.

"ಅಯ್ಯೋ ತಾತ, ಏನ್ ಮಾಡ್ತಿದೀರಾ!" ಎಂದಳು.

"ಕಾಣಲ್ವೇನಮ್ಮ, ತೊಳೀತಿದೀನಿ. ಆ ಪ್ರಯೋಗಾಲಯದೋರಿಗೆ ಪಾತ್ರೆ ತೊಳೆಯೋಕೂ ಬರಲ್ಲ."

ಅವಳು ನಗಲಿಲ್ಲ. "ಅದು ಸೋಪಲ್ಲ ತಾತ. ನೀರಲ್ಲಿರೋ ಕ್ಲೋರಿನ್ ರೋಗಾಣು ಕೊಲ್ಲೋದನ್ನ ಅಲ್ಲೇ ನಿಲ್ಲಿಸೋಕೆ ಹಾಕಿರೋದು. ಅದನ್ನ ಚೆಲ್ಲಿಬಿಟ್ರೆ, ಪಟ್ಟಣ ಮುಟ್ಟೋಷ್ಟರಲ್ಲಿ ಬಾಟಲಿ ಒಳಗಿನ ರೋಗಾಣು ಸತ್ತಿರ್ತವೆ. ಇಲ್ಲಿ ಕುಡಿದೋರ ಹೊಟ್ಟೇಲಿ ಸತ್ತಿರಲ್ಲ."

ಅಂದು ತೊಳೆಯದೆ ತುಂಬಿಸಿದೆವು. ರೋಗಾಣು ಸಿಕ್ಕಿತು. ಮತ್ತೊಮ್ಮೆ ತುಂಬಿಸಿದೆವು, ಮತ್ತೆ ಸಿಕ್ಕಿತು. ನೆಲ ಅಗೆಸಿದರೆ ಹಳೆಯ ಮೋರಿಯ ಪಕ್ಕದಲ್ಲೇ ಕೊಳವೆ ಬಿರುಕುಬಿಟ್ಟಿತ್ತು. ಒಳಗೆ ಇಳಿದಿದ್ದ ಬೇರಿನ ದಪ್ಪ ನೋಡಿ, ಆರೇಳು ವರ್ಷದ ಬಿರುಕು ಇದು ಎಂದರು ಅಗೆದವರು.

ನಮ್ಮ ಮೇಲಧಿಕಾರಿ ಕುವಾನೊ ನನ್ನನ್ನು ಕೂರಿಸಿಕೊಂಡು, "ಹಿರಿಯರೇ, ಹೊಸ ಕೊಳವೆ ಹಾಕಿಸಿದ್ದಾಯ್ತು. ಹಳೇ ವರದಿ ಕೆದಕಿ ಯಾರಿಗೇನು ಸುಖ? ವಸಂತದಲ್ಲಿ ನಿಮ್ಮ ನಿವೃತ್ತಿ, ಸನ್ಮಾನ ಎಲ್ಲಾ ಇದೆ" ಎಂದರು. ನಾನು ಆಗಲಿ ಎಂದು ತಲೆಯಾಡಿಸಿ ಬಂದೆ. ಹೌದು, ಆಡಿಸಿದೆ. ಎರಡು ತಿಂಗಳು ಬಾಯಿ ಬಿಡಲಿಲ್ಲ.

ಕೊನೆಗೆ ಸುಮಿಯೊ, "ರೀ, ಹಲ್ಲುನೋವು ಬಂದೋರ ಥರ ಓಡಾಡ್ತಿದೀರಲ್ಲ, ಹೋಗಿ ಕೀಳಿಸ್ಕೊಂಡು ಬನ್ನಿ" ಎಂದಳು. ಕಳೆದ ಭಾನುವಾರ ಕೇರಿಯ ಸಭೆಯಲ್ಲಿ ಎದ್ದು ನಿಂತು ಎಲ್ಲ ಹೇಳಿದೆ, ಗೋಡೆಯ ವರದಿಗಳನ್ನು ನಾನೇ ಕಿತ್ತೆ. ನಿಮ್ಮ ಪಕ್ಕದ ಮನೆಯ ಒತ್ಸುನೆ ಅಜ್ಜಿ, "ಹಂಗಾದ್ರೆ ಇಷ್ಟು ವರ್ಷ ನಾವು ಕುಡಿದಿದ್ದು ನಿನ್ನ ಕಾಗದಾನೇ ಅನ್ನು ತೊಕುಜಿ" ಎಂದಳು. ಸಭೆ ಮುಗಿದು ಎಂದಿನಂತೆ ಚಹಾ ಬಂತು. ನನ್ನ ಬಟ್ಟಲಿಗೆ ಯಾರೂ ಬಗ್ಗಿಸಲಿಲ್ಲ. ನನಗೆ ನಾನೇ ಬಗ್ಗಿಸಿಕೊಳ್ಳುವ ಧೈರ್ಯವೂ ಬರಲಿಲ್ಲ.

ಮೈ ಬೆಚ್ಚಗಿಟ್ಟುಕೊಳ್ಳಿ. ಸಮುದ್ರದ ಗಾಳಿ ನಿಮಗೆಲ್ಲ ಒಗ್ಗಲಿ, ಅಯುಮು ಗಟ್ಟಿಮುಟ್ಟಾಗಿ ಬೆಳೆಯಲಿ.

ನಿನ್ನ ಅಣ್ಣ,
ತೊಕುಜಿ

ಮತ್ತೊಂದು ಮಾತು: ಮೇಲೆ ಇದನ್ನು ಬರೆಯಲು ಕೈ ಬರಲಿಲ್ಲ. ನಾಲ್ಕು ವರ್ಷದ ಹಿಂದಿನ ಬೇಸಿಗೆ ನೆನಪಿದೆಯೆ? ಅಯುಮುವಿಗೆ ಮತ್ತೆ ಮತ್ತೆ ಹೊಟ್ಟೆ ಕೆಡುತ್ತಿತ್ತು. "ಮಾವ, ನೀರೇ ಸರಿಯಿಲ್ಲ ಅನ್ಸುತ್ತೆ" ಎಂದಳು ಚಿಜುರು, ಎಲ್ಲರೆದುರಿಗೆ. "ನೀರಲ್ಲಮ್ಮ, ನಿನ್ನ ಕೈ ಸರಿಯಿಲ್ಲ" ಎಂದೆ ನಾನು. ಅಷ್ಟು ಸಾಲದೆಂದು ನಿಮ್ಮ ನಲ್ಲಿಯಿಂದಲೇ ಒಂದು ಲೋಟ ಹಿಡಿದು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಪೂರ್ತಿ ಕುಡಿಸಿದೆ. ಮೂರನೇ ದಿನ ಅವನನ್ನು ಆಸ್ಪತ್ರೆಗೆ ಸೇರಿಸಿದಿರಿ. ಆ ಲೋಟದಿಂದಲೇ ಆಯಿತೆಂದು ಆಣೆ ಮಾಡಲಾರೆ. ಆದರೆ ಆಗಲಾರದೆಂದು ಅಂದು ಆಣೆ ಮಾಡಿದವನು ನಾನೇ. ನೀನೂ ನನ್ನ ಮಾತು ನಂಬಿ ಸೊಸೆಯನ್ನು ದೂರಿದೆ. ಆಮೇಲೆ ಅವಳು ಬ್ಲೀಚಿಂಗ್ ನೀರಲ್ಲಿ ಕೈ ತಿಕ್ಕಿ ತಿಕ್ಕಿ, ಬೆರಳ ಸಂದೆಲ್ಲ ಒಡೆದು ರಕ್ತ ಬರುತ್ತಿತ್ತು. ಈ ಕಾಗದವನ್ನು ಅವಳ ಕೈಗೇ ಕೊಡು. ಬೈದರೆ ಬೈದದ್ದನ್ನು ಒಂದಕ್ಷರ ಬಿಡದೆ ಬರೆ. ಆ ಕೈ ವಾಸಿಯಾಗಿದೆಯೇ ಇಲ್ಲವೇ ಎಂಬುದನ್ನೂ ಬರೆ. ನನ್ನ ಹಾಗೆ ತಡಮಾಡಬೇಡ ತಂಗಿ, ಬೇಗ ಬರೆ.