‘ಸರದಿ’ಯನ್ನು ಒಪ್ಪಿಸಿಕೊಟ್ಟದ್ದು

ಲಿವರ್‌ಪೂಲ್, ಸಿಡ್ನಿ
ಜೂನ್ ೮, ೨೦೨೫, ಭಾನುವಾರ

ಪ್ರೀತಿಯ ನಿಮಗೆ,

ಹೆಸರು ಬರೆಯಲು ಹೋಗಿ ಕೈ ತಡೆಯಿತು. ಮದುವೆಯಾದಾಗಿನಿಂದ ‘ರೀ’ ಎಂದೇ ಕರೆದು ಅಭ್ಯಾಸ. ಎದೆನೋವು ಮತ್ತೆ ಬಂದಿಲ್ಲ ತಾನೇ? ಮಾತ್ರೆಗಳನ್ನು ಊಟದ ನಂತರವೇ ತೆಗೆದುಕೊಳ್ಳುತ್ತಿದ್ದೀರಾ? ಮೆಲ್ಬರ್ನಿನಲ್ಲಿ, ಅಕ್ಕನ ಮನೆಯಿರುವ ಗ್ಲೆನ್ ವೇವರ್ಲಿಯಲ್ಲಿ, ಇಲ್ಲಿಗಿಂತ ಚಳಿ ಜಾಸ್ತಿ, ಆದರೂ ನೀವು ಸ್ವೆಟರ್ ಹಾಕದೆ ಸ್ಟೇಷನ್‌ವರೆಗೆ ವಾಕ್ ಹೋಗುತ್ತೀರಿ ಎಂದು ನಿಮ್ಮ ಗಿರಿಜಕ್ಕ ದೂರಿದರು. ಫೋನು, ಕಂಪ್ಯೂಟರ್ ಎರಡನ್ನೂ ಮುಟ್ಟಬಾರದೆಂದು ಡಾಕ್ಟರು ಹೇಳಿರುವುದರಿಂದ ಈ ಕಾಗದ. ಆದ್ಯಾ ಚೆನ್ನಾಗಿದ್ದಾಳೆ. ಸ್ಕೂಲಿನಿಂದ ಬಂದವಳೇ ಶೂ ಬಿಚ್ಚುತ್ತಾ, ‘ಇಸ್ ಅಪ್ಪಾ ಸ್ಟಿಲ್ ಟಯರ್ಡ್?’ ಎಂದು ಕೇಳುತ್ತಾಳೆ. ‘ಹೂಂ ಪುಟ್ಟಾ, ಇನ್ನೂ ಸ್ವಲ್ಪ’ ಎನ್ನುತ್ತೇನೆ.

ಇನ್ನು ‘ಸರದಿ’ಯ ಸುದ್ದಿ. ಡಯಾಲಿಸಿಸ್‌ಗೆ ಬರುವವರಿಗೆ ಯಾವ ದಿನ, ಯಾವ ಯಂತ್ರ ಎಂದು ಹೊಂದಿಸಿಕೊಡುವ ಆ ಸಾಫ್ಟ್‌ವೇರ್ ಬರೆಯಲು ನೀವು ಕೂತದ್ದು, ನಿಮ್ಮ ಅಪ್ಪ ಬಳ್ಳಾರಿಯಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಕಾದು ಕಾದು ಸೊರಗಿ ತೀರಿಕೊಂಡ ವರ್ಷ. ಚಾಟ್ಸ್‌ವುಡ್ ಆಫೀಸಿನಿಂದ ಬಂದು ಅದರ ಮುಂದೆ ಕೂತರೆ ಊಟಕ್ಕೂ ಏಳುತ್ತಿರಲಿಲ್ಲ. ಯಾರು ಬೇಕಾದರೂ ಉಚಿತವಾಗಿ ಬಳಸಲಿ, ತಿದ್ದಲಿ ಎಂದು ಬಿಟ್ಟಿರಿ. ಎಲ್ಲೆಲ್ಲಿಯದೋ ಸಣ್ಣ ಆಸ್ಪತ್ರೆಗಳು ಬಳಸಿದವು. ಆದರೆ ಪಾಸ್‌ವರ್ಡುಗಳು ಮಾತ್ರ ನಿಮ್ಮೊಬ್ಬರ ಕೈಯಲ್ಲಿ. ನೀವು ಎದೆ ಹಿಡಿದುಕೊಂಡು ಕುಸಿದ ವಾರವೇ ಅದು ಕೆಟ್ಟು ನಿಂತಿತು. ರೋಗಿಗಳು ವಾಪಸ್ ಹೋಗುತ್ತಿದ್ದಾರೆ ಎಂದು ರಾಯಚೂರಿನಿಂದ, ನೇಪಾಳದಿಂದ ಮೇಲ್ ಬಂದವು. ಡ್ರಿಪ್ ಹಾಕಿದ ಕೈಯನ್ನೇ ಚಾಚಿ, ‘ಜಯಾ, ಲ್ಯಾಪ್‌ಟಾಪ್ ಕೊಡೇ, ಐದೇ ನಿಮಿಷ’ ಎಂದಿರಿ. ಕೊಡದಿದ್ದರೆ ಎದ್ದೇ ಬಿಡುತ್ತಿದ್ದಿರಿ. ಸರಿಪಡಿಸಿ ದಿಂಬಿಗೆ ಒರಗಿದಾಗ ನಿಮ್ಮ ತುಟಿ ಬಿಳಿಚಿಕೊಂಡಿತ್ತು. ನನಗೆ ಈಗಲೂ ಅಡುಗೆ ಮಾಡುತ್ತಿರುವಾಗ ಆ ಮುಖ ಕಣ್ಣೆದುರು ಬರುತ್ತದೆ.

ಮೆಲ್ಬರ್ನಿಗೆ ಹೊರಡುವ ಮುನ್ನ ನೀವು ಅರ್ಜಿ ಹಾಕಿ ಪಾಸ್‌ವರ್ಡುಗಳನ್ನು ಕೊಟ್ಟಿದ್ದಿರಲ್ಲ, ಇಂಥ ಉಚಿತ ಸಾಫ್ಟ್‌ವೇರ್‌ಗಳನ್ನು ನೋಡಿಕೊಳ್ಳುವ ಆ ಸಂಸ್ಥೆ ಸರದಿಯನ್ನು ತನ್ನ ಆಶ್ರಯಕ್ಕೆ ತೆಗೆದುಕೊಳ್ಳಲು ಒಪ್ಪಿದೆ. ದೇಣಿಗೆ, ಹೆಸರು, ಕಾನೂನಿನ ತಾಪತ್ರಯ ಎಲ್ಲ ಇನ್ನು ಅವರದು. ಷರತ್ತು ಒಂದೇ, ತೀರ್ಮಾನ ಒಬ್ಬರದಾಗಬಾರದು, ಮೂವರ ಸಮಿತಿ ಇರಬೇಕು. ಅದನ್ನೇ ಮಾತಾಡಲು ನಿಮ್ಮ ಜೊತೆ ಸರದಿಯ ಕೆಲಸ ಮಾಡುವ ಮೆಲಿಶಾ ಮೇ ಕೊನೆಯ ಶನಿವಾರ ಮನೆಗೆ ಬಂದಿದ್ದಳು. ಅವಳೂ ಇನ್ನೊಬ್ಬರೂ ಆಯಿತು, ಮೂರನೆಯ ಜಾಗ ನಿಮಗೆಂದು ಖಾಲಿ ಇಟ್ಟಿದ್ದರು. ‘ನಾನು ಸಿಗದಿದ್ದರೆ ಜಯಾಳನ್ನು ಕೇಳಿ’ ಎಂದು ನೀವೇ ಅರ್ಜಿಯಲ್ಲಿ ಬರೆದಿದ್ದಿರಂತೆ. ‘ವಿರುಪಾಕ್ಷ ಸರ್ ಇಲ್ಲದೆ ಹೇಗೆ ಜಯಕ್ಕ’ ಎಂದು ಕಣ್ಣೊರೆಸಿಕೊಂಡಳು. ‘ಯಾವಾಗ ಬರ್ತಾರೆ ಅಂತ ಅಲ್ಲ, ಬರ್ತಾರಾ ಇಲ್ವಾ ಅಂತ ಒಂದು ಹೇಳಿ ಮಾರಾಯ್ರೆ.’ ಅವರನ್ನೇ ಕೇಳಿ ಹೇಳುತ್ತೇನೆ ಎನ್ನುವ ಮಾತು ಬಾಯಿಗೆ ಬಂತು. ಆದರೆ ಕೇಳಿದರೆ ನೀವು ಏನೆನ್ನುತ್ತೀರಿ ಎಂದು ನನಗೆ ಗೊತ್ತಿಲ್ಲವೇ? ಕೊನೆಗೆ ನಾನೇ ಉತ್ತರ ಕೊಟ್ಟೆ. ಮೆಲಿಶಾ ನನ್ನ ಕೈ ಹಿಡಿದುಕೊಂಡಳು.

ಹಿತ್ತಲಿನ ನಿಂಬೆಗಿಡ ಈ ಸಲ ಕೊಂಬೆ ಜಗ್ಗುವಷ್ಟು ಕಾಯಿ ಬಿಟ್ಟಿದೆ. ಉಪ್ಪಿನಕಾಯಿ ಹಾಕಿ ಗಿರಿಜಕ್ಕನಿಗೆ ಕಳಿಸುತ್ತೇನೆ. ಅವರಿಗೆ ಮಾತ್ರ, ನೀವು ಉಪ್ಪು ಮುಟ್ಟುವ ಹಾಗಿಲ್ಲ. ಅಕ್ಕನಿಗೆ ನನ್ನ ನಮಸ್ಕಾರ ತಿಳಿಸಿ. ನಿಮಗೆ ಒಳ್ಳೆಯ ನಿದ್ದೆ ಬರಲಿ, ಅದೊಂದನ್ನೇ ದೇವರಲ್ಲಿ ಕೇಳುತ್ತಿದ್ದೇನೆ.

ನಿಮ್ಮ
ಜಯಾ

ತಾ.ಕ.: ಲಕೋಟೆ ಅಂಟಿಸುವ ಮೊದಲು ಬರೆದೇ ಬಿಡುತ್ತೇನೆ. ನೀವು ಬರುವುದಿಲ್ಲ ಎಂದು ಮೆಲಿಶಾಗೆ ಹೇಳಿದೆ. ನಿಮ್ಮ ಜಾಗಕ್ಕೆ ನೇಪಾಳದ ಒಬ್ಬ ನರ್ಸನ್ನು ಆರಿಸಿಕೊಂಡಿದ್ದಾರೆ. ನಿನ್ನೆ ಸಂಜೆ ನಿಮ್ಮ ಲಾಗಿನ್ ತೆಗೆದುಹಾಕಿದರು. ಇನ್ನು ನೀವು ತೆರೆಯಲು ಹೋದರೆ ಸರದಿ ನಿಮ್ಮನ್ನು ಒಳಗೆ ಬಿಡುವುದಿಲ್ಲ. ಸ್ಕ್ರೀನ್ ನೋಡಿ ತಿಳಿಯುವ ಮೊದಲು ನನ್ನಿಂದಲೇ ತಿಳಿಯಲಿ ಎಂದು ಬರೆದೆ. ಸಿಟ್ಟು ಬರುತ್ತದೆ, ಗೊತ್ತು. ಮನೆಗೆ ಬಂದು ಬೈಯಿರಿ.