ಉರಿಮುಖದ ಅಜ್ಜಿಗೆ, ಕೂಸಿನ ಮುಲಾಮಿನ ವಿಷಯವಾಗಿ

ನೆಳಲೂರು, ತುಂಗಭದ್ರೆಯ ಎಡದಂಡೆ
ಫೆಬ್ರವರಿ 30, 2203

ರೋಹಿಣಿ ಅಜ್ಜಿಯವರಿಗೆ, ನಿಮ್ಮಿಂದ ಆರನೆಯ ತಲೆಮಾರಿನವಳಾದ ಕಾತ್ಯಾಯಿನಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ಬೇರೆ ತಿಂಗಳುಗಳಿಗೆ ಕೊಟ್ಟದ್ದನ್ನು ಇದೊಂದಕ್ಕೆ ಮಾತ್ರ ಯಾಕೆ ಕಡಿಮೆ ಮಾಡಬೇಕೆಂದು ನನ್ನ ಅಜ್ಜಿಯ ಕಾಲದವರು ಸಭೆ ಕೂಡಿ ಸರಿಮಾಡಿದರು. ನನ್ನ ಮಾತುಗಳೂ ನಿಮಗೆ ಅಲ್ಲಲ್ಲಿ ವಿಚಿತ್ರವೆನಿಸಬಹುದು; ನಿಮ್ಮ ಕಾಲದ ಕನ್ನಡವನ್ನು ನಾನು ಶಾಲೆಯಲ್ಲಿ ಕಲಿತವಳು, ಕ್ಷಮಿಸಿ. ಇಪ್ಪತ್ತನಾಲ್ಕರ ಹುಡುಗಿಯನ್ನು ಅಜ್ಜಿ ಎಂದು ಕರೆಯುತ್ತಿರುವುದಕ್ಕೂ ಕ್ಷಮಿಸಿ. ನನಗೀಗ ಅರವತ್ತು ದಾಟಿದೆ. ಈ ಕಾಗದದಲ್ಲಿ ಎಲ್ಲಿಯಾದರೂ ಗದರಿದಂತೆ ಕಂಡರೆ, ಚಿಕ್ಕವರಿಗೆ ಗದರಿ ಅಭ್ಯಾಸವಾದ ಮುದುಕಿಯ ನಾಲಗೆ ಎಂದುಕೊಳ್ಳಿ.

ಇದು ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆಯೆಂದರೆ ಆಗಿಹೋದವರಿಗೆ, ಅವರು ಬದುಕಿದ್ದ ಕಾಲದಲ್ಲಿ ನಾವು ಗೊತ್ತುಮಾಡಿದ ದಿನಕ್ಕೆ ತಲುಪುವಂತೆ, ಕಾಗದ ಹಾಕುವ ಏರ್ಪಾಡು. ಒಂದು ಜನ್ಮಕ್ಕೆ ಒಂದೇ ಕಾಗದ. ಹೋಗುತ್ತದೆ, ಉತ್ತರ ಬರುವುದಿಲ್ಲ. ನೆರೆಮನೆಯವರು ತಮ್ಮ ಸರದಿಯನ್ನು, ಯಾವ ಹೊಲ ಮಾರಬಾರದೆಂದು ಮುತ್ತಾತನಿಗೆ ತಿಳಿಸಲು ಬಳಸಿದರು. ನಾನು ನನ್ನದನ್ನು ಒಂದು ಮುಲಾಮಿನ ಟ್ಯೂಬಿಗಾಗಿ ಖರ್ಚು ಮಾಡುತ್ತಿದ್ದೇನೆ. ಮನೆಮಂದಿಯೆಲ್ಲ ನನಗೆ ತಲೆ ಕೆಟ್ಟಿದೆ ಅನ್ನುತ್ತಾರೆ. ಕೆಟ್ಟಿರುವುದು ನಿಜ. ಯಾಕೆ ಕೆಟ್ಟಿತು ಎಂಬುದನ್ನೇ ಬರೆಯುತ್ತೇನೆ.

ನಮ್ಮ ಊರಿನ ಮೇಲೆ ಒಂದು ದಂಡೆಯಿಂದ ಇನ್ನೊಂದು ದಂಡೆಯವರೆಗೆ ಮೇಲ್ನೆಳಲು ಹಾಸಿದೆ. ಮದುವೆ ಚಪ್ಪರದಂತೆ ಊರಿಗೆಲ್ಲ ಒಂದೇ ಚಪ್ಪರ, ಅಷ್ಟೇ. ಬೆಳಗಿನ ಜಾವ ಎದ್ದು ಕೆಲಸ ಮುಗಿಸುತ್ತೇವೆ, ಬಿಸಿಲೇರಿದ ಮೇಲೆ ಕದ ಹಾಕಿ ಮಲಗುತ್ತೇವೆ, ಇಳಿಹೊತ್ತಿಗೆ ಮತ್ತೆ ಎದ್ದು ರೊಟ್ಟಿ ಬಡಿಯುತ್ತೇವೆ. ಐದು ವರ್ಷ ತುಂಬಿದ ಮಗುವಿನಿಂದ ಹಿಡಿದು ಎಲ್ಲರೂ ಹೊರಗೆ ಹೋಗುವಾಗ ತಂಪಂಗಿ ತೊಡಬೇಕು. ಅದು ಹೆಣಿಗೆಯೊಳಗೆ ಸಣ್ಣ ಕೊಳವೆಗಳಲ್ಲಿ ನೀರು ಹರಿಯುವ ಅಂಗಿ. ಜೀವ ಉಳಿಸುತ್ತದೆ, ಆದರೆ ಕೊರಳು, ಮೊಣಕೈ ಮಡಿಕೆ, ಮೊಣಕಾಲ ಹಿಂಭಾಗಗಳಲ್ಲಿ ತಿಕ್ಕಿ ತಿಕ್ಕಿ ಮೈಯನ್ನು ಕೆರಳಿಸುತ್ತದೆ. ಮೊದಲೇ ಇಸುಬಿನ ಮೈಯಾದರೆ ಕೇಳುವುದೇ ಬೇಡ. ನೀವು ಎಕ್ಸಿಮಾ ಎನ್ನುವುದು ಇದನ್ನೇ. ನಾನು ಮೈಮನೆಯಲ್ಲಿ, ಅಂದರೆ ನಿಮ್ಮ ಆಸ್ಪತ್ರೆಯಲ್ಲಿ, ಚರ್ಮದ ಡಾಕ್ಟರಾಗಿ ಅರ್ಧ ಆಯುಷ್ಯ ಕಳೆದೆ. ಊರಿನ ಅರ್ಧ ಜನ ನನ್ನ ಮಾತು ಕೇಳಿ ತುರಿಕೆಯಿಂದ ಪಾರಾದರು. ಕೇಳದೆ ಉಳಿದವರು ನನ್ನ ಮನೆಯವರು.

ನನ್ನ ಮೊಮ್ಮಗಳ ಹೆಸರು ಮುಗಿಲು. ಇದೀಗ ಐದು ತುಂಬಿದೆ, ಮನೆಯ ಜಗುಲಿಯಲ್ಲೇ ತಂಪಂಗಿ ತೊಡಿಸಿ ರೂಢಿ ಮಾಡಿಸುತ್ತಿದ್ದೇವೆ. ಮಧ್ಯಾಹ್ನ ಊರೆಲ್ಲ ಮಲಗಿದಾಗ ಪಕ್ಕದ ಕೋಣೆಯಿಂದ ಅವಳು ಕೆರೆದುಕೊಳ್ಳುವ ಸದ್ದು ಬರುತ್ತದೆ. ಉಗುರು ಕತ್ತರಿಸಿದರೆ ಚಾಪೆಯ ಅಂಚಿಗೆ ಉಜ್ಜಿಕೊಳ್ಳುತ್ತಾಳೆ. ಹಾಸಿಗೆಯ ಮೇಲೆ ರಕ್ತದ ಚುಕ್ಕೆಗಳು. ಅವಳ ತಾಯಿ, ನನ್ನ ಮಗಳು ಸಂಪಿಗೆ, ಅದನ್ನು ಒಗೆಯುತ್ತ ಅಳುತ್ತಾಳೆ. ಆದರೆ ನಾನು ಕೊಟ್ಟ ತಣಿಮುಲಾಮನ್ನು ಹಚ್ಚುವುದಿಲ್ಲ. ತಣಿಮುಲಾಮೆಂದರೆ ನಿಮ್ಮ ಸ್ಟೀರಾಯ್ಡ್ ಮುಲಾಮು. ಹೆಸರು ಬದಲಾಗಿದೆ, ಮದ್ದು ಅದೇ.

ಹಚ್ಚು ಎಂದು ನಾನು ಜೀವ ತಿಂದದ್ದಕ್ಕೆ ಒಮ್ಮೆ ಒಪ್ಪಿದಳು. ಸಾಸಿವೆಕಾಳಿನಷ್ಟು ತೆಗೆದು ಎರಡೂ ಕಾಲಿಗೆ ಸವರಿದಳು. ಮಾರನೆಯ ದಿನ ಕೆಂಪು ಸ್ವಲ್ಪ ಇಳಿದದ್ದೇ ತಡ, ಸಾಕೆಂದು ನಿಲ್ಲಿಸಿದಳು. ಎರಡು ದಿನಕ್ಕೆ ಇಸುಬು ಮತ್ತೆ ಎದ್ದಿತು. ಆಗ ನನ್ನ ಮುಂದೆ ನಿಂತು, “ನೋಡಿದ್ಯಾ ಅವ್ವಾ, ನಿನ್ನ ಮುಲಾಮಿನ ಗುಣ? ಅಜ್ಜಿ ಮುಖ ತಿಂದಿದ್ದನ್ನ ನನ್ನ ಮಗಳಿಗೆ ಹಚ್ಚು ಅಂತೀಯಲ್ಲ, ನಿನಗ ಕರುಳು ಐತೇನು?” ಎಂದಳು. ಅಜ್ಜಿ ಅಂದದ್ದು ನಿಮ್ಮನ್ನು.

ಅಷ್ಟಕ್ಕೇ ಮುಗಿದಿದ್ದರೆ ನಾನು ಹಿಂದಂಚೆ ಹತ್ತಿರವೂ ಸುಳಿಯುತ್ತಿರಲಿಲ್ಲ. ಹೊಳೆಯ ಮೇಲೆ ದೋಣಿಗಳಲ್ಲಿ ಬರುವ ತೇಲುಸಂತೆಯಲ್ಲಿ ಒಬ್ಬ ಬೇರುಗಾರ ಕೂರುತ್ತಾನೆ. ಬರೀ ಬೇರು ತೊಗಟೆಯಿಂದ ಮಾಡಿದ್ದು, ತಣಿಮುಲಾಮಿನ ಗಾಳಿಯೂ ಸೋಕಿಲ್ಲ ಎಂದು ಹಸಿರು ಡಬ್ಬಿ ಮಾರುತ್ತಾನೆ. ಸಂಪಿಗೆ ಅದನ್ನು ತಂದು, ಬೇರಿನದಲ್ಲವೇ ಎಂದು ಕೈತುಂಬ ಬಳಿದಳು. ಕಾಲಿಗೆ, ಕೈಗೆ, ಹೂವಿನಂಥ ಕೆನ್ನೆಗೂ. ವಾರದೊಳಗೆ ಮಗುವಿನ ಮೈ ತಿಳಿಯಾಯಿತು. ಮನೆಗೆ ಬಂದವರಿಗೆಲ್ಲ ತೋರಿಸಿ ನನ್ನನ್ನು ಆಡಿಕೊಂಡಳು. ಅಷ್ಟು ಬೇಗ ವಾಸಿಯಾದದ್ದೇ ನನಗೆ ಅನುಮಾನ ತಂದಿತು. ಒಂದು ಚೂರು ಒಯ್ದು ಮೈಮನೆಯಲ್ಲಿ ಪರೀಕ್ಷೆಗೆ ಹಾಕಿದೆ. ಬೇರು ಬಣ್ಣಕ್ಕಷ್ಟೇ. ಒಳಗಿದ್ದದ್ದು ಎಲ್ಲಕ್ಕಿಂತ ಜೋರಾದ ಸ್ಟೀರಾಯ್ಡ್, ದೊಡ್ಡವರ ಅಂಗಾಲಿನ ದಪ್ಪ ಚರ್ಮಕ್ಕೆ ನಾನು ಎಣಿಸಿ ಎಣಿಸಿ ಬರೆದುಕೊಡುವಂಥದ್ದು. ಅದನ್ನು ಐದು ವರ್ಷದ ಮಗುವಿನ ಕೆನ್ನೆಗೆ ಬಳಿದದ್ದಾಗಿತ್ತು. ಕೆನ್ನೆಯ ಮೇಲೆ ಕೂದಲೆಳೆಯಂಥ ಕೆಂಪು ನರಗಳು ಕಾಣತೊಡಗಿದ್ದವು.

ಬೇಗ ಗೊತ್ತಾದ್ದರಿಂದ ಕೆನ್ನೆ ಸುಧಾರಿಸುತ್ತಿದೆ. ಸಂಪಿಗೆ ಮಾತ್ರ ಸುಧಾರಿಸಲಿಲ್ಲ. ಕಡಿಮೆ ಹಚ್ಚಿದರೆ ಕೆಲಸ ಮಾಡದು, ಹೆಚ್ಚು ಹಚ್ಚಿದರೆ ಮುಖ ತಿನ್ನುತ್ತದೆ, ಆದ್ದರಿಂದ ಏನೂ ಬೇಡ ಎಂದು ತೀರ್ಮಾನಿಸಿದ್ದಾಳೆ. ಈಗ ಮಗುವಿಗೆ ಬರೀ ತಣ್ಣೀರು ಪಟ್ಟಿ. ನಾನು ಡಾಕ್ಟರು, ಮದ್ದು ನನ್ನ ಪೆಟ್ಟಿಗೆಯಲ್ಲಿದೆ, ಮಗು ನನ್ನ ಕಣ್ಣೆದುರಿಗೇ ಕೆರೆದುಕೊಳ್ಳುತ್ತಿದೆ. ಇಂಥ ಹತಾಶೆಯನ್ನು ನನ್ನ ಶತ್ರುವಿಗೂ ಬಯಸಲಾರೆ. ಇದಕ್ಕೆಲ್ಲ ಬುಡ ನೀವು. ಬೇಸರಿಸಬೇಡಿ, ಹೇಳಿಯೇ ಬಿಡುತ್ತೇನೆ.

ನಮ್ಮ ಮನೆತನದಲ್ಲಿ ನಿಮ್ಮ ಕಥೆ ಹೀಗಿದೆ. ನಿಮ್ಮ ಅಣ್ಣನ ಕೂಸಿಗೆಂದು ಡಾಕ್ಟರು ಕೊಟ್ಟ ಮುಲಾಮು ಮನೆಯಲ್ಲಿತ್ತು. ನೀವು ಕೆನ್ನೆಯ ಮೇಲಿನ ಒಂದು ಕಲೆಗೆ ಅದನ್ನು ಹಚ್ಚಿದಿರಿ. ಕಲೆ ತಿಳಿಯಾಯಿತು, ಕೆನ್ನೆಯೂ ಬೆಳ್ಳಗಾಯಿತು. ಗಂಡಿನ ಕಡೆಯವರು ಬರುವುದಿತ್ತು. ಇಡೀ ಮುಖಕ್ಕೆ ಹಚ್ಚಿದಿರಿ. ಟ್ಯೂಬು ಮುಗಿದಾಗ ಚೀಟಿಯಿಲ್ಲದೆ ಮೆಡಿಕಲ್ ಶಾಪಿನಿಂದ ಇನ್ನೊಂದು ತಂದಿರಿ. ಓಣಿಯ ಹೆಂಗಸರು ಹೆಪ್ಪಿಗೆ ಮೊಸರು ಕೇಳುವಂತೆ ಒಬ್ಬರಿಂದೊಬ್ಬರು ಇಸಿದುಕೊಂಡರು. ಒಬ್ಬಾಕೆ ಸೊಂಟದ ಹುಳುಕಡ್ಡಿಗೆ ಹಚ್ಚಿದಳು. ತುರಿಕೆ ನಿಂತಿತು, ಹುಳುಕಡ್ಡಿ ಒಳಗೊಳಗೇ ಬೆನ್ನಿಗೆಲ್ಲ ಹಬ್ಬಿತು. ತಿಂಗಳುಗಟ್ಟಲೆ ಹಚ್ಚಿ ಒಮ್ಮೆಲೇ ಬಿಟ್ಟಾಗ ನಿಮ್ಮ ಮುಖ ಬೆಂಕಿಯಾಯಿತು. ಕೆಂಪು, ಗುಳ್ಳೆ, ಗಲ್ಲದ ಮೇಲೆ ಕೂದಲು. ಬಿಸಿಲಿಗೆ ಬಂದರೆ ಉರಿ. ನಿಮ್ಮ ತಾಯಿ ಮನೆಯಲ್ಲಿದ್ದ ಟ್ಯೂಬುಗಳನ್ನೆಲ್ಲ ಮೋರಿಗೆಸೆದು, ಇನ್ನು ಈ ಹೊಸ್ತಿಲೊಳಗೆ ಆ ಮುಲಾಮು ಬರಕೂಡದೆಂದು ಆಣೆ ಹಾಕಿದರು. ಅಂದಿನಿಂದ ನೀವು ಉರಿಮುಖದ ಅಜ್ಜಿ.

ಆ ಆಣೆ ಇಂದು ಶಾಸ್ತ್ರವಾಗಿ ಕೂತಿದೆ. ನಮ್ಮಲ್ಲಿ ಮಗುವಿಗೆ ಐದು ತುಂಬಿದ ಮೇಲೆ ಅಂಗಿಶಾಸ್ತ್ರ ಮಾಡುತ್ತೇವೆ. ಮೊದಲ ಬಾರಿ ತಂಪಂಗಿ ತೊಡಿಸಿ ಮಗುವನ್ನು ಹೊರಗೆ ಕಳಿಸುವ ದಿನ ಅದು. ಮನೆಯ ಹಿರಿಯಳು ನಿಮ್ಮ ಕಥೆ ಹೇಳಬೇಕು. ಕಥೆ ಮುಗಿದ ಮೇಲೆ ಜೋಳದ ಹಿಟ್ಟಿನಲ್ಲಿ ಮಾಡಿದ ಟ್ಯೂಬನ್ನು ಮಗು ಹೊಸ್ತಿಲಾಚೆ ಎಸೆಯಬೇಕು. ಬೇರೆ ಯಾವ ಮನೆಯಲ್ಲೂ ಈ ಮೂರ್ಖತನವಿಲ್ಲ. ನಾನೂ ಎಸೆದವಳೇ, ಸಂಪಿಗೆಯೂ ಎಸೆದವಳೇ. ಬರುವ ಹುಣ್ಣಿಮೆಗೆ ಮುಗಿಲಿನ ಸರದಿ. ಅವಳೂ ಎಸೆದಳೆಂದರೆ ಮುಂದೆ ಮದ್ದು ಕೊಡಲು ಹೋದ ನನ್ನ ಕೈಯನ್ನು ತಾಯಿಯಲ್ಲ, ಮಗುವೇ ತಳ್ಳುತ್ತದೆ.

ಅಜ್ಜೀ, ಈ ಕಥೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಮೊನ್ನೆ, ಪಕ್ಕದ ಕೋಣೆಯ ಆ ಸದ್ದು ಕೇಳುತ್ತ ಮಲಗಿದ್ದಾಗ, ಒಂದು ಮಾತು ಮುಳ್ಳಿನಂತೆ ಚುಚ್ಚಿತು. ಮುಲಾಮು ಬಂದದ್ದು ಕೂಸಿಗೆಂದು. ಆ ಕೂಸು ಏನಾಯಿತು? ಅದರ ಮೊಣಕೈ ಮಡಿಕೆಗಳು ವಾಸಿಯಾಗುತ್ತಿದ್ದವೇ? ಮೋರಿಗೆ ಬಿದ್ದ ಟ್ಯೂಬುಗಳಲ್ಲಿ ಅದರದ್ದೂ ಒಂದಿತ್ತಲ್ಲ, ಆಮೇಲೆ ಅದು ಹೇಗೆ ಮಲಗಿತು? ಆರು ತಲೆಮಾರಿನಿಂದ ನಿಮ್ಮ ಮುಖಕ್ಕಾಗಿ ಅತ್ತಿದ್ದೇವೆ. ಆ ಕೂಸಿನ ಬಗ್ಗೆ ಒಬ್ಬರೂ ಒಂದು ಪ್ರಶ್ನೆ ಕೇಳಿಲ್ಲ. ಅಪರಾಧ ಮುಲಾಮಿನದ್ದೆಂದು ತೀರ್ಪು ಕೊಟ್ಟು, ಅದು ಯಾರಿಗೆ ಬೇಕಾಗಿತ್ತೋ ಅವರನ್ನೇ ಮರೆತೆವು. ನನಗೆ ಸಿಟ್ಟು ಬಂದಿರುವುದು ಇದಕ್ಕೆ.

ಈ ಕಾಗದ ನಿಮ್ಮ ಕೈಸೇರುವಾಗ ನೀವು ಹಚ್ಚಲು ಶುರುಮಾಡಿ ಕೆಲವು ವಾರಗಳಾಗಿರುತ್ತವೆ. ಇಂದೇ ಚರ್ಮದ ಡಾಕ್ಟರ ಬಳಿ ಹೋಗಿ. ಎಲ್ಲಿಂದ ತಂದಿರಿ, ಎಷ್ಟು ದಿನದಿಂದ ಹಚ್ಚುತ್ತಿದ್ದೀರಿ ಎಂಬುದನ್ನು ನಾಚಿಕೆಪಡದೆ ಹೇಳಿ. ಬಿಡುವ ರೀತಿಯನ್ನೂ ಅವರೇ ಹೇಳಿಕೊಡಲಿ. ಕೂಸಿನ ಟ್ಯೂಬನ್ನು ಕೂಸಿನ ತಾಯಿಗೆ ಮರಳಿಸಿ, ಕೆಲವು ಮಾತು ಹೇಳಿ. ಮೈಗೆ ಮೊದಲು ತೇವ ಉಳಿಸುವ ಮುಲಾಮು ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಇದನ್ನು ಕೆಂಪಗಾದ ಜಾಗಕ್ಕೆ ಮಾತ್ರ ಹಚ್ಚಲಿ. ದೊಡ್ಡವರ ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ದೊಡ್ಡವರ ಎರಡು ಅಂಗೈಯಗಲಕ್ಕೆ ಸಾಕು. ಅದಕ್ಕಿಂತ ಜಿಪುಣತನವೂ ಬೇಡ, ಧಾರಾಳವೂ ಬೇಡ. ಮುಖಕ್ಕೂ ಮಡಿಕೆಗೂ ಡಾಕ್ಟರು ಸೌಮ್ಯವಾದದ್ದನ್ನೇ ಕೊಡುತ್ತಾರೆ. ಕಾಲಿಗೆ ಕೊಟ್ಟದ್ದನ್ನು ಅಲ್ಲಿಗೆ ಒಯ್ಯಬಾರದು. ಹೇಳಿದಷ್ಟು ದಿನ ಹಚ್ಚಬೇಕು, ಹೇಳಿದಾಗ ನಿಲ್ಲಿಸಬೇಕು. ಇನ್ನೊಬ್ಬರಿಗೆ ಕೊಡಬಾರದು, ಓಣಿಯವರು ಎಷ್ಟೇ ಮುನಿಸಿಕೊಂಡರೂ. ಇಷ್ಟೇ ಇರುವುದು. ಇಷ್ಟು ಸಣ್ಣ ವಿಷಯಕ್ಕೆ ಒಂದು ಮನೆತನ ನೂರೆಂಬತ್ತು ವರ್ಷ ಕೆರೆದುಕೊಂಡಿದೆ.

ನೀವು ನನ್ನ ಮಾತು ಕೇಳದಿರಬಹುದು. ಗಂಡಿನ ಕಡೆಯವರು ಬರುವವರಿದ್ದಾರೆ, ಯಾವಳೋ ಮುದುಕಿ ಎಲ್ಲಿಂದಲೋ ಬೈದು ಬರೆದಿದ್ದಾಳೆ. ನಾನು ನಿಮ್ಮ ಜಾಗದಲ್ಲಿದ್ದರೂ ಕಾಗದ ಮಡಿಸಿ ಕಪಾಟಿನ ಮೇಲೆ ಎಸೆಯುತ್ತಿದ್ದೆ. ಆಗಲಿ. ಮುಖ ಉರಿದರೆ ಆ ಉರಿ ಅನುಭವಿಸುವವರು ನೀವು, ನಿಮ್ಮನ್ನು ಬೈಯುವ ಹಕ್ಕು ನನಗಿಲ್ಲ. ಹುಡುಗಿಯರು ಬೆಳ್ಳಗಿರಲೇಬೇಕೆಂದು ನಿಮ್ಮ ಕಿವಿಗೆ ಊದಿದವರ ಮೇಲೆ ನನಗಿರುವ ಸಿಟ್ಟು ನಿಮ್ಮ ಮೇಲಿಲ್ಲ. ಆದರೆ ಮುಂದೆ ನಿಮ್ಮ ಮಕ್ಕಳಿಗೆ ಈ ಕಥೆ ಹೇಳುವಾಗ ಅರ್ಧ ಹೇಳಬೇಡಿ. ಕೂಸನ್ನು ಕಥೆಯಿಂದ ಬಿಡಬೇಡಿ. ಅದರ ಹೆಸರನ್ನು ಹೇಳಿ.

ಹುಣ್ಣಿಮೆಯ ದಿನ ಕಥೆ ಹೇಳಬೇಕಾದ ಹಿರಿಯಳು ಈಗ ನಾನೇ. ಹಿಟ್ಟಿನ ಟ್ಯೂಬನ್ನು ಎಸೆಯಲು ಬಿಡುವುದಿಲ್ಲ. ಸಂಪಿಗೆಯ ತೋರುಬೆರಳನ್ನು ಮಗಳ ಮುಂದೆ ಚಾಚಿಸಿ, ತುದಿಯಿಂದ ಗೆರೆಯವರೆಗೆ ಮುಗಿಲಿನ ಕೈಯಿಂದಲೇ ಹಿಟ್ಟು ಹಿಂಡಿಸುತ್ತೇನೆ. ನೆಂಟರು ಎದ್ದುಹೋದರೆ ಹೋಗಲಿ. ಸಂಪಿಗೆ ಬೆರಳು ಚಾಚುತ್ತಾಳೋ ಇಲ್ಲವೋ ಗೊತ್ತಿಲ್ಲ. ಅದೇ ನನ್ನ ಭಯ.

ಉತ್ತರ ಬರುವುದಿಲ್ಲವೆಂದು ಮೊದಲೇ ಬರೆದೆ. ಆದರೆ ನಮ್ಮ ಕಥೆ ಬಾಯಿಂದ ಬಾಯಿಗೆ ಬಂದದ್ದು. ನೀವು ನಿಮ್ಮ ಮಗಳಿಗೆ ಹೇಳಿದ ಹೆಸರು ಅವಳ ಮಗಳಿಗೆ, ಆಕೆಯಿಂದ ಮುಂದಿನವಳಿಗೆ ಹೋಗಿ ಕೊನೆಗೆ ನನ್ನ ನಾಲಗೆಗೂ ಬರಬೇಕು. ಅದಕ್ಕೇ ಹುಣ್ಣಿಮೆಯ ದಿನ, ಕೂಸಿಗೆಂದು ತಂದ ಮುಲಾಮು ಎಂಬ ಮಾತು ಬಂದಾಗ, ನಾನು ಒಂದು ಕ್ಷಣ ನಿಲ್ಲುತ್ತೇನೆ. ಮುಗಿಲು ನನ್ನ ತೊಡೆಯ ಮೇಲೆ ಕೂತು ಮೊಣಕೈ ಕೆರೆದುಕೊಳ್ಳುತ್ತ, ಯಾವ ಕೂಸು ಅಂತ ಕೇಳುತ್ತಾಳೆ. ಅವಳು ಕೇಳದೆ ಬಿಡುವವಳಲ್ಲ. ಆಗ ನಾನು ಬಾಯಿ ತೆರೆಯುತ್ತೇನೆ.

ನಿಮ್ಮ
ಕಾತ್ಯಾಯಿನಿ